ಎರಡಂಗುಲದ ಎತ್ತರ

ನಾಲ್ಕು ಗಾಲಿ ಚಾಲನೆಯ ಟ್ರಕ್ಕಿನ ಮುಂಭಾಗವನ್ನು ಎತ್ತರಿಸುವಾಗ ಭೌತವಿಜ್ಞಾನ ಹೇಳುವ ಮಾತು

ಎರಡನೆಯ ಮಹಾಯುದ್ಧದ ಕಾಲದಲ್ಲಿ, ೧೯೪೧ರಿಂದ, ಅಮೆರಿಕದ ಸೈನ್ಯಕ್ಕಾಗಿ ಸಾವಿರಗಟ್ಟಲೆ ತಯಾರಾದ ಜೀಪು ಜಗತ್ತಿಗೆ ಒಂದು ಹೊಸ ಬಗೆಯ ಬಂಡಿಯನ್ನು ಪರಿಚಯ ಮಾಡಿಕೊಟ್ಟಿತು. ಅದರ ಎಂಜಿನ್ನಿನ ಬಲ ಹಿಂಗಾಲಿಗಳಿಗೆ ಮಾತ್ರವಲ್ಲದೆ ಮುಂಗಾಲಿಗಳಿಗೂ ದೊರೆಯುತ್ತಿದ್ದಿತು. ಆದುದರಿಂದ ಕೆಸರು, ಮರಳು, ಕಲ್ಲುಹಾದಿ ಯಾವುದೂ ಅದನ್ನು ಸುಲಭವಾಗಿ ತಡೆಯಲಾರದೆ ಹೋಯಿತು. ಯುದ್ಧ ಮುಗಿದ ಮೇಲೆ ಆ ಜೀಪೂ ಅದರ ಸಂತತಿಯೂ ನಾಡುನಾಡಿಗೆ ಹರಡಿದುವು. ನಮ್ಮ ಕೊಡಗು, ಮಲೆನಾಡುಗಳ ತೋಟದ ಹಾದಿಗಳಲ್ಲಿ ಅಂತಹ ಬಂಡಿಗಳನ್ನು ನಾವು ಇಂದಿಗೂ ನೋಡಬಹುದು.

ಇಂತಹ ಬಂಡಿಯುಳ್ಳವರಲ್ಲಿ ಅನೇಕರಿಗೆ ಒಂದು ಆಸೆಯುಂಟು. ಬಂಡಿಯ ಮುಂಭಾಗವನ್ನು ಇನ್ನೊಂದು ಎರಡಂಗುಲ, ಎಂದರೆ ಸುಮಾರು ೫೦ ಮಿಲಿಮೀಟರ್, ಮೇಲಕ್ಕೆತ್ತಿದರೆ ಚೆನ್ನಾಗಿರುವುದೆಂದು ಅವರು ಭಾವಿಸುತ್ತಾರೆ. ಕೆಲವು ಬಂಡಿಗಳಲ್ಲಿ ಒಂದೆರಡು ಬೋಲ್ಟುಗಳನ್ನು ತಿರುಗಿಸಿದರೆ ಸಾಕು, ಮುಂಭಾಗ ತಾನೇ ಮೇಲೇಳುತ್ತದೆ. ಕೆಲಸ ಇಷ್ಟು ಸುಲಭವೆಂದು ತೋರುವುದರಿಂದಲೇ ಅದರಲ್ಲಿ ಅಪಾಯವೂ ಅಡಗಿದೆ. ಆ ಬೋಲ್ಟಿನ ಹಿಂದೆ ಕುಳಿತಿರುವ ಬಲವೆಷ್ಟು, ಎತ್ತರಿಸಿದಾಗ ಬಂಡಿಯ ಯಾವ ಯಾವ ಅಂಗಗಳು ತಮ್ಮ ಸಹಜವಾದ ನಿಲುವನ್ನು ಬಿಟ್ಟುಕೊಡುತ್ತವೆ, ಕೆಲಸ ಮಾಡುವವನ ಪ್ರಾಣಕ್ಕೆ ಎಲ್ಲಿ ಕುತ್ತು ಉಂಟಾಗಬಹುದು ಎಂಬ ವಿಷಯಗಳನ್ನು ಈ ಲೇಖನದಲ್ಲಿ ವಿಚಾರ ಮಾಡೋಣ. ಇದಕ್ಕೆ ಬೇಕಾದ ವಿಜ್ಞಾನವೆಲ್ಲ ಪ್ರೌಢಶಾಲೆಯ ಪುಸ್ತಕದಲ್ಲಿಯೇ ಇದೆ.

ಯಾವುದು ಮೇಲೇಳುವುದು, ಯಾವುದು ಏಳುವುದಿಲ್ಲ?

ಬಂಡಿಯ ಒಡಲು ಗಾಲಿಗಳ ಮೇಲೆ ನೇರವಾಗಿ ಕುಳಿತಿಲ್ಲ. ನಡುವೆ ಸ್ಪ್ರಿಂಗುಗಳಿವೆ. ಗಾಲಿಯನ್ನೂ ಚೌಕಟ್ಟನ್ನೂ ಜೋಡಿಸುವ ತೋಳುಗಳು, ಸ್ಪ್ರಿಂಗುಗಳು, ಕುಲುಕಾಟವನ್ನು ಅಡಗಿಸುವ ಷಾಕ್ ಅಬ್ಸಾರ್ಬರುಗಳು, ಇವೆಲ್ಲವನ್ನೂ ಒಟ್ಟಾಗಿ ಸಸ್ಪೆನ್ಷನ್ ಎಂದು ಕರೆಯುತ್ತೇವೆ.

ಮೊದಲಿನ ಜೀಪಿನಲ್ಲಿ ಎರಡು ಮುಂಗಾಲಿಗಳನ್ನು ಜೋಡಿಸುವ ಇಡಿಯಾದ ಒಂದು ಅಚ್ಚು ಇದ್ದಿತು. ಎತ್ತಿನ ಗಾಡಿಯ ಅಚ್ಚಿನಂತೆಯೇ ಇದು ಈ ಬದಿಯಿಂದ ಆ ಬದಿಗೆ ಹಾಯುವುದು. ಅದಕ್ಕೆ ಕೂಡಿಕೊಂಡಂತೆ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳ ಕಮಾನು ಸ್ಪ್ರಿಂಗು. ಇಲ್ಲಿ ಸ್ಪ್ರಿಂಗನ್ನು ಎಷ್ಟು ಎತ್ತರಿಸಿದರೂ ಬಂಡಿಯ ಒಡಲು ಏಳುವುದೇ ಹೊರತು ಅಚ್ಚು ಏಳುವುದಿಲ್ಲ. ಅಚ್ಚಿನ ನಡುವೆ ಗಡಿಗೆಯಂತೆ ಉಬ್ಬಿರುವ ಡಿಫರೆನ್ಷಿಯಲ್ ಪೆಟ್ಟಿಗೆಯೇ ಕಲ್ಲಿಗೆ ತಗಲುವ ಮೊದಲ ಭಾಗ. ಅದನ್ನು ಮೇಲಕ್ಕೆತ್ತಬೇಕಾದರೆ ದೊಡ್ಡ ಟೈರು ಹಾಕುವುದೊಂದೇ ದಾರಿ. ಒಡಲನ್ನು ಎತ್ತರಿಸಿದ್ದರಿಂದ ದೊರೆಯುವ ಲಾಭವೆಂದರೆ ಆ ದೊಡ್ಡ ಟೈರಿಗೆ ಮಡ್‌ಗಾರ್ಡಿನ ಕೆಳಗೆ ಸ್ಥಳ ಸಿಕ್ಕುವುದು, ಮತ್ತು ದಿಣ್ಣೆ ಹತ್ತುವಾಗ ಬಂಪರು ನೆಲಕ್ಕೆ ತಾಗದಿರುವುದು.

ಎರಡನೆಯ ಬಗೆಯಲ್ಲಿ ಪ್ರತಿಯೊಂದು ಗಾಲಿಯೂ ತನ್ನಷ್ಟಕ್ಕೆ ತಾನು ಏರಿಳಿಯುವುದು. ಚೌಕಟ್ಟಿನ ಬದಿಗೆ ಬಾಗಿಲಿನ ಬಿಜಾಗರಿಯಂತೆ ಜೋಡಿಸಿದ ಎರಡು ತೋಳುಗಳ ತುದಿಯಲ್ಲಿ ಗಾಲಿ ನಿಂತಿರುತ್ತದೆ. ಇಲ್ಲಿ ಡಿಫರೆನ್ಷಿಯಲ್ ಪೆಟ್ಟಿಗೆ ಚೌಕಟ್ಟಿಗೇ ಬಿಗಿಯಲ್ಪಟ್ಟಿರುವುದರಿಂದ ಒಡಲಿನೊಡನೆ ಅದೂ ಮೇಲೇಳುವುದು. ಆದರೆ ಅದರಿಂದ ಗಾಲಿಗೆ ಹೋಗುವ ಚಾಲಕ ದಂಡಗಳು ಓರೆಯಾಗುತ್ತವೆ. ಒಂದು ಕಡೆ ಬಂದ ಲಾಭಕ್ಕೆ ಇನ್ನೊಂದು ಕಡೆ ಬೆಲೆ ತೆರಬೇಕಾಗುವುದು.

ಟೊಯೋಟ ಕಂಪನಿಯ ಹೈಲಕ್ಸ್ ಟ್ರಕ್ಕು ಈ ಎರಡು ಬಗೆಗಳಿಗೂ ಉದಾಹರಣೆ. ೧೯೭೯ರಲ್ಲಿ ಬಂದ ಅದರ ನಾಲ್ಕು ಗಾಲಿ ಚಾಲನೆಯ ಮಾದರಿಯಲ್ಲಿ ಮುಂದೆ ಇಡಿಯಾದ ಅಚ್ಚು, ಪಟ್ಟಿ ಸ್ಪ್ರಿಂಗು ಇದ್ದುವು. ಅಮೆರಿಕದ ಪೇಟೆಗೆ ಬಂದ ೧೯೮೬ರ ಮಾದರಿಯಲ್ಲಿ ಅವುಗಳ ಬದಲು ಬಿಡಿ ತೋಳುಗಳೂ, ಸ್ಪ್ರಿಂಗಿನ ಸ್ಥಾನದಲ್ಲಿ ನೀಳವಾದ ಒಂದು ಉಕ್ಕಿನ ಸರಳೂ ಕಾಣಿಸಿಕೊಂಡುವು. ಜನರಲ್ ಮೋಟಾರ್ಸ್ ಕಂಪನಿಯ ೧೯೮೮ರ ಟ್ರಕ್ಕುಗಳಲ್ಲಿಯೂ ಇದೇ ಏರ್ಪಾಡು. ನಮ್ಮ ದೇಶದಲ್ಲಿ ೧೯೯೮ರ ಟಾಟಾ ಸಫಾರಿ, ೨೦೧೦ರ ಮಹೀಂದ್ರ ಥಾರ್ ಬಂಡಿಗಳ ಮುಂಭಾಗವೂ ಇಂತಹ ಸರಳುಗಳ ಮೇಲೆಯೇ ನಿಂತಿದೆ. ಬೋಲ್ಟು ತಿರುಗಿಸಿದರೆ ಮೇಲೇಳುವ ಬಂಡಿಗಳು ಇವೇ. ಆದುದರಿಂದ ಈ ಸರಳಿನ ಗುಣವನ್ನೇ ಮೊದಲು ತಿಳಿಯೋಣ.

ಕೂಲಂಬನ ತಂತಿ, ಟ್ರಕ್ಕಿನ ಸರಳು

ಒದ್ದೆಬಟ್ಟೆಯನ್ನು ಹಿಂಡುವಾಗ ನಾವು ಅದರ ಎರಡು ತುದಿಗಳನ್ನೂ ಎದುರು ಬದುರಾಗಿ ತಿರುಚುತ್ತೇವೆ. ಉಕ್ಕಿನ ಸರಳಿನ ಒಂದು ತುದಿಯನ್ನು ಭದ್ರವಾಗಿ ಹಿಡಿದು ಮತ್ತೊಂದು ತುದಿಯನ್ನು ಹೀಗೆಯೇ ತಿರುಚಿದರೆ ಅದು ಸ್ವಲ್ಪ ಹುರಿಗೊಳ್ಳುವುದು. ಕೈಬಿಟ್ಟೊಡನೆ ಮೊದಲಿನ ಸ್ಥಿತಿಗೆ ಮರಳುವುದು. ಇದೇ ತಿರುಚು ಸರಳಿನ ತತ್ತ್ವ.

ಫ್ರಾನ್ಸಿನ ವಿಜ್ಞಾನಿ ಕೂಲಂಬನು ೧೭೮೪ರಲ್ಲಿ ಲೋಹದ ತಂತಿಗಳ ತಿರುಚನ್ನು ಕುರಿತು ಪ್ರಯೋಗಗಳನ್ನು ನಡೆಸಿ ಅದರ ನಿಯಮಗಳನ್ನು ಪ್ರಕಟಿಸಿದನು. ತಿರುಚುಬಲವು ತಿರುಚಿದ ಕೋನಕ್ಕೆ ಅನುಪಾತದಲ್ಲಿರುವುದು. ತಂತಿ ಉದ್ದವಾದಷ್ಟೂ ಬಲ ಕಡಿಮೆಯಾಗುವುದು. ವ್ಯಾಸದ ನಾಲ್ಕನೆಯ ಘಾತಕ್ಕೆ ಅನುಸಾರವಾಗಿ ಹೆಚ್ಚುವುದು. ಈ ಕೊನೆಯ ಮಾತು ಬಹು ಮುಖ್ಯ. ಸರಳಿನ ದಪ್ಪವನ್ನು ನೂರಕ್ಕೆ ಹತ್ತರಷ್ಟು ಹೆಚ್ಚಿಸಿದರೆ ಅದರ ಬಿಗಿ ನೂರಕ್ಕೆ ಸುಮಾರು ನಲವತ್ತಾರರಷ್ಟು ಹೆಚ್ಚುವುದು. ಕೂಲಂಬನು ಮರುವರ್ಷ ವಿದ್ಯುದಾವೇಶಗಳ ನಡುವಣ ಬಲವನ್ನು ಅಳೆದದ್ದು ಇಂತಹ ಒಂದು ಸಣ್ಣ ತಂತಿಯ ತಿರುಚಿನಿಂದಲೇ. ೧೭೯೮ರಲ್ಲಿ ಕ್ಯಾವೆಂಡಿಷನು ಸೀಸದ ಗುಂಡುಗಳ ನಡುವಣ ಗುರುತ್ವಾಕರ್ಷಣೆಯನ್ನು ಅಳೆದು ಭೂಮಿಯ ಸಾಂದ್ರತೆಯನ್ನು ಕಂಡುಹಿಡಿದದ್ದೂ ತಿರುಚು ತಕ್ಕಡಿಯಿಂದಲೇ. ಅಷ್ಟು ನಾಜೂಕಾದ ಉಪಕರಣದ ತತ್ತ್ವವೇ ಸಾವಿರಾರು ಕಿಲೋಗ್ರಾಂ ತೂಗುವ ಟ್ರಕ್ಕನ್ನು ಹೊರುತ್ತಿರುವುದು ಸ್ವಾರಸ್ಯವಾದ ಸಂಗತಿ. ಈ ಸರಳನ್ನು ಮೋಟಾರಿಗೆ ಅಳವಡಿಸುವ ವಿಷಯದಲ್ಲಿ ಫರ್ಡಿನಾಂಡ್ ಪೋರ್ಷೆಯು ೧೯೩೧ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದನು. ೧೯೩೪ರ ಸಿಟ್ರೊಯೆನ್ ಕಾರಿನಲ್ಲಿ ಅದು ಬಳಕೆಗೆ ಬಂದಿತು.

ಟ್ರಕ್ಕಿನಲ್ಲಿ ಸರಳು ಚೌಕಟ್ಟಿನ ಉದ್ದಕ್ಕೆ ಸಮಾನಾಂತರವಾಗಿ ಮಲಗಿರುತ್ತದೆ. ಅದರ ಮುಂತುದಿ ಗಾಲಿಯ ತೋಳಿಗೆ ಜೋಡಿಸಲ್ಪಟ್ಟಿದೆ. ಹಿಂತುದಿಯಲ್ಲಿ ಗಿಡ್ಡವಾದ ಒಂದು ಸನ್ನೆ, ಆ ಸನ್ನೆಯನ್ನು ಒತ್ತಿ ಹಿಡಿದಿರುವ ಒಂದು ಬೋಲ್ಟು. ಬಂಡಿಯ ಭಾರದಿಂದ ತೋಳು ಮೇಲಕ್ಕೆ ತಿರುಗಲು ಹೋದಾಗ ಸರಳು ಹುರಿಗೊಂಡು ಅದನ್ನು ತಡೆಯುವುದು.

ಒಂದು ಸಣ್ಣ ಲೆಕ್ಕ

ಒಂದು ಉದಾಹರಣೆಯನ್ನು ಕಲ್ಪಿಸಿಕೊಂಡು ಲೆಕ್ಕ ಹಾಕೋಣ. ಸರಳಿನ ವ್ಯಾಸ ೨೫ ಮಿಲಿಮೀಟರ್, ಉದ್ದ ೧.೨ ಮೀಟರ್ ಇರಲಿ. ಉಕ್ಕಿನ ದೃಢತಾ ಗುಣಾಂಕವನ್ನು ಬಳಸಿ ಗಣಿಸಿದರೆ ಈ ಸರಳನ್ನು ಒಂದು ಡಿಗ್ರಿ ತಿರುಚಲು ಸುಮಾರು ೪೫ ನ್ಯೂಟನ್-ಮೀಟರ್ ತಿರುಚುಬಲ ಬೇಕಾಗುವುದು. ಒಂದು ಮುಂಗಾಲಿಯ ಮೇಲೆ ಸ್ಪ್ರಿಂಗು ಹೊರುವ ಭಾರ ೪೫೦ ಕಿಲೋಗ್ರಾಂ, ಎಂದರೆ ಸುಮಾರು ೪,೪೦೦ ನ್ಯೂಟನ್. ತೋಳಿನ ಉದ್ದ ೦.೩೫ ಮೀಟರ್. ಇವೆರಡನ್ನೂ ಗುಣಿಸಿದರೆ ೧,೫೪೦ ನ್ಯೂಟನ್-ಮೀಟರ್. ಇದನ್ನು ೪೫ರಿಂದ ಭಾಗಿಸಿದರೆ ಸುಮಾರು ೩೪ ಡಿಗ್ರಿ ಬರುವುದು. ಎಂದರೆ ಬಂಡಿ ಸುಮ್ಮನೆ ನಿಂತಿರುವಾಗಲೂ ಆ ಸರಳು ೩೪ ಡಿಗ್ರಿ ಹುರಿಗೊಂಡೇ ಇರುತ್ತದೆ.

ಹಿಂತುದಿಯ ಸನ್ನೆಯ ಉದ್ದ ೧೦೦ ಮಿಲಿಮೀಟರ್ ಎಂದಿಟ್ಟುಕೊಂಡರೆ ಬೋಲ್ಟಿನ ಮೇಲೆ ಬೀಳುವ ಒತ್ತಡ ೧೫,೪೦೦ ನ್ಯೂಟನ್. ಇದು ಒಂದೂವರೆ ಟನ್ನಿಗಿಂತ ಹೆಚ್ಚಿನ ಭಾರ! ಬೆರಳು ಗಾತ್ರದ ಆ ಬೋಲ್ಟನ್ನು ನೋಡಿದಾಗ ಇದು ತೋಚುವುದೇ ಇಲ್ಲ.

ಈಗ ಮುಂಭಾಗವನ್ನು ೫೦ ಮಿಲಿಮೀಟರ್ ಎತ್ತಬೇಕಾಗಿದೆ. ೩೫೦ ಮಿಲಿಮೀಟರ್ ತೋಳಿನ ತುದಿ ೫೦ ಮಿಲಿಮೀಟರ್ ಇಳಿಯಬೇಕಾದರೆ ತೋಳು ಸುಮಾರು ೮ ಡಿಗ್ರಿ ತಿರುಗಬೇಕು. ಅಷ್ಟೇ ಕೋನವನ್ನು ಹಿಂತುದಿಯ ಸನ್ನೆಗೂ ಕೊಡಬೇಕು. ಅದಕ್ಕಾಗಿ ಬೋಲ್ಟು ಸುಮಾರು ೧೪ ಮಿಲಿಮೀಟರ್ ಮುಂದೆ ಸರಿಯಬೇಕಾಗುವುದು.

ಸರಳು ಗಟ್ಟಿಯಾಯಿತೆ?

ಬೋಲ್ಟು ಬಿಗಿದುದರಿಂದ ಸರಳು ಗಟ್ಟಿಯಾಯಿತು, ಆದುದರಿಂದ ಬಂಡಿ ಮೇಲೆದ್ದಿತು ಎಂದು ಅನೇಕರು ತಿಳಿಯುತ್ತಾರೆ. ಇದು ಸರಿಯಲ್ಲ. ಹಿಂತುದಿ ೮ ಡಿಗ್ರಿ ತಿರುಗಿತು. ಮುಂತುದಿಯೂ ೮ ಡಿಗ್ರಿ ತಿರುಗಿತು. ಎರಡರ ನಡುವಣ ತಿರುಚು ಮೊದಲು ಎಷ್ಟಿತ್ತೋ ಸುಮಾರು ಅಷ್ಟೇ ಉಳಿಯಿತು. ಉಳಿಯಲೇಬೇಕು; ಏಕೆಂದರೆ ಬಂಡಿಯ ಭಾರ ಬದಲಾಗಿಲ್ಲ. ಸರಳಿನ ದಪ್ಪವಾಗಲಿ ಉದ್ದವಾಗಲಿ ಉಕ್ಕಿನ ಗುಣವಾಗಲಿ ಬದಲಾಗಿಲ್ಲವಾದುದರಿಂದ ಬಿಗಿಯೂ ಬದಲಾಗಿಲ್ಲ. ಹಾಗಾದರೆ ಮುಂಭಾಗವನ್ನು ಮೇಲಕ್ಕೆತ್ತಿದ ಶಕ್ತಿ ಎಲ್ಲಿಂದ ಬಂದಿತು? ಸ್ಪ್ಯಾನರು ತಿರುಗಿಸಿದ ಕೈಯಿಂದ, ಇಲ್ಲವೆ ಜಾಕ್ ಒತ್ತಿದ ಕೈಯಿಂದ.

ಆದರೂ ಹೀಗೆ ಎತ್ತರಿಸಿದ ಬಂಡಿ ಮೊದಲಿಗಿಂತ ಒರಟಾಗಿ ಓಡುವುದೆಂಬುದು ಅನುಭವದ ಮಾತು. ಇದಕ್ಕೆ ಕಾರಣ ಬೇರೆ. ತೋಳು ಎಷ್ಟು ಮೇಲೆ ಹೋಗಬಹುದು, ಎಷ್ಟು ಕೆಳಗೆ ಇಳಿಯಬಹುದು ಎಂಬುದಕ್ಕೆ ಮಿತಿಯುಂಟು. ಎರಡು ಕೊನೆಗಳಲ್ಲಿಯೂ ರಬ್ಬರಿನ ತಡೆಗಳಿವೆ. ನಮ್ಮ ಉದಾಹರಣೆಯಲ್ಲಿ ಗಾಲಿಗೆ ಮೇಲಕ್ಕೆ ೯೦, ಕೆಳಕ್ಕೆ ೯೦ ಮಿಲಿಮೀಟರ್ ಓಡಾಟವಿದ್ದಿತೆನ್ನೋಣ. ಈಗ ಮೇಲಕ್ಕೆ ೧೪೦ ಆಯಿತು, ಕೆಳಕ್ಕೆ ೪೦ ಮಾತ್ರ ಉಳಿಯಿತು. ಗಾಲಿ ಒಂದು ಗುಂಡಿಗೆ ಇಳಿಯುವಾಗ ೪೦ ಮಿಲಿಮೀಟರ್ ಇಳಿಯುವಷ್ಟರಲ್ಲಿಯೇ ತೋಳು ತಡೆಗೆ ಬಡಿದು ನಿಲ್ಲುವುದು. ಆ ಬಡಿತವೇ ಕುಳಿತವರಿಗೆ ತಟ್ಟುವ ಒರಟುತನ. ಹಳ್ಳದ ಹಾದಿಯಲ್ಲಿ ನೆಲವನ್ನು ಬಿಡದಿರುವುದೇ ಗಾಲಿಯ ಕರ್ತವ್ಯವಷ್ಟೆ? ಅತಿಯಾಗಿ ಎತ್ತಿದ ಬಂಡಿಯ ಗಾಲಿ ಆ ಕರ್ತವ್ಯವನ್ನೇ ಅರ್ಧ ಕಳೆದುಕೊಳ್ಳುವುದು. ಎತ್ತರವನ್ನು ಬಯಸಿದ ಹಾದಿಯಲ್ಲಿಯೇ ಹಿಡಿತವು ಕೈತಪ್ಪುವುದು.

ಇನ್ನೊಂದು ಪರಿಣಾಮವೂ ಇದೆ. ಮೇಲಿನ ತಡೆಯ ಸ್ಥಾನ ಬದಲಾಗಿಲ್ಲ. ಗಾಲಿ ದೊಡ್ಡ ಕಲ್ಲನ್ನು ಹತ್ತಿ ಆ ತಡೆಯನ್ನು ಮುಟ್ಟಿದಾಗ ಸರಳು ಮೊದಲು ೪೯ ಡಿಗ್ರಿ ತಿರುಚುತ್ತಿದ್ದಲ್ಲಿ ಈಗ ೫೭ ಡಿಗ್ರಿ ತಿರುಚಬೇಕಾಗುವುದು. ಉಕ್ಕಿನ ಸ್ಥಿತಿಸ್ಥಾಪಕತ್ವಕ್ಕೆ ಒಂದು ಎಲ್ಲೆಯುಂಟು. ಅದನ್ನು ದಾಟಿದ ಸರಳು ಪೂರ್ಣವಾಗಿ ಹಿಂದಕ್ಕೆ ಬಾರದೆ ಸ್ವಲ್ಪ ಸ್ವಲ್ಪವಾಗಿ ಜಗ್ಗಿಹೋಗುವುದು. ಆದುದರಿಂದಲೇ ಬಂಡಿಯನ್ನು ಹೆಚ್ಚು ಎತ್ತರಿಸಬೇಕಾದಾಗ ಬಲ್ಲವರು ಬೋಲ್ಟನ್ನು ಮಾತ್ರ ನಂಬುವುದಿಲ್ಲ. ತೋಳುಗಳನ್ನೂ ಡಿಫರೆನ್ಷಿಯಲ್ಲನ್ನೂ ಒಟ್ಟಾಗಿ ಚೌಕಟ್ಟಿನಿಂದ ಕೆಳಗಿಳಿಸುವ ಉಕ್ಕಿನ ಆಧಾರಗಳನ್ನು ಹಾಕಿ, ಕೋನಗಳೆಲ್ಲ ಮೊದಲಿನಂತೆಯೇ ಉಳಿಯುವಂತೆ ಮಾಡುತ್ತಾರೆ. ಇದು ಹೆಚ್ಚು ಖರ್ಚಿನ ಕೆಲಸ; ಹೆಚ್ಚು ನುರಿತ ಕೈಯೂ ಬೇಕು.

ಓರೆಯಾದ ದಂಡಗಳು

ಮುಂಗಾಲಿಗೆ ಎಂಜಿನ್ನಿನ ಬಲವನ್ನು ಒಯ್ಯುವ ದಂಡ ಏರಿಳಿಯುವ ಗಾಲಿಯೊಡನೆ ಬಾಗಬೇಕು. ಚುಕ್ಕಾಣಿ ತಿರುಗಿಸಿದಾಗಲೂ ಬಾಗಬೇಕು. ಹದಿನೇಳನೆಯ ಶತಮಾನದಲ್ಲಿಯೇ ರಾಬರ್ಟ್ ಹುಕನು ವರ್ಣಿಸಿದ ಶಿಲುಬೆಯಾಕಾರದ ಕೀಲು ಇದಕ್ಕೆ ಒಗ್ಗುವಂತೆ ತೋರುತ್ತದೆ. ಆದರೆ ಅದರಲ್ಲಿ ಒಂದು ಕೊರತೆಯುಂಟು. ಎರಡು ದಂಡಗಳ ನಡುವೆ ಕೋನವಿದ್ದಾಗ ಒಂದು ದಂಡ ಸಮವೇಗದಲ್ಲಿ ಸುತ್ತಿದರೂ ಇನ್ನೊಂದು ಒಂದೊಂದು ಸುತ್ತಿನಲ್ಲಿಯೂ ಎರಡು ಸಲ ವೇಗವಾಗಿಯೂ ಎರಡು ಸಲ ನಿಧಾನವಾಗಿಯೂ ತಿರುಗುವುದು. ಕೋನ ೧೦ ಡಿಗ್ರಿ ಇದ್ದರೆ ಈ ಏರುಪೇರು ನೂರಕ್ಕೆ ಒಂದೂವರೆ ಮಾತ್ರ. ೩೦ ಡಿಗ್ರಿ ಆದರೆ ವೇಗ ನೂರಕ್ಕೆ ಹದಿನೈದು ಹೆಚ್ಚುವುದು, ನೂರಕ್ಕೆ ಹದಿಮೂರು ತಗ್ಗುವುದು.

ಈ ಕೊರತೆಯನ್ನು ನೀಗಿದವರಲ್ಲಿ ಆಲ್ಫ್ರೆಡ್ ರ್ಜೆಪ್ಪ ಮುಖ್ಯನು. ೧೯೨೦ರ ದಶಕದಲ್ಲಿ ಅವನು ರೂಪಿಸಿದ ಕೀಲಿನಲ್ಲಿ ಉಕ್ಕಿನ ಗುಂಡುಗಳು ಕಾಲುವೆಗಳಲ್ಲಿ ಹರಿದಾಡುತ್ತ ಯಾವಾಗಲೂ ಎರಡು ದಂಡಗಳ ಕೋನವನ್ನು ಸಮವಾಗಿ ಸೀಳುವ ತಲದಲ್ಲಿ ನಿಲ್ಲುತ್ತವೆ. ಆದುದರಿಂದ ಎರಡೂ ದಂಡಗಳು ಸಮವೇಗದಲ್ಲಿ ಸುತ್ತುತ್ತವೆ. ಆದರೆ ಈ ಕೀಲು ತಾಳುವ ಕೋನಕ್ಕೂ ಮಿತಿಯುಂಟು. ದಂಡದ ಎರಡು ಕೀಲುಗಳ ನಡುವಣ ದೂರ ೪೦೦ ಮಿಲಿಮೀಟರ್ ಇದ್ದರೆ ೫೦ ಮಿಲಿಮೀಟರ್ ಎತ್ತರಿಕೆಯಿಂದ ದಂಡ ಇನ್ನೂ ೭ ಡಿಗ್ರಿ ಓರೆಯಾಗುವುದು. ಚುಕ್ಕಾಣಿಯ ಕೋನವೂ ಅದಕ್ಕೆ ಸೇರಿದರೆ ಗುಂಡುಗಳ ಮೇಲೆ ಹೊರೆ ಏರುವುದು. ಕೀಲನ್ನು ಮುಚ್ಚಿರುವ ರಬ್ಬರಿನ ಚೀಲದ ಮಡಿಕೆಗಳು ಒಂದಕ್ಕೊಂದು ಉಜ್ಜಿ ಹರಿಯುತ್ತವೆ. ಚೀಲ ಹರಿದರೆ ಗ್ರೀಸು ಹೊರಬೀಳುವುದು, ಮರಳು ಒಳಸೇರುವುದು. ಆ ಬಳಿಕ ಕೀಲಿನ ಆಯುಸ್ಸು ಬಹಳ ದಿನ ಉಳಿಯುವುದಿಲ್ಲ.

ಚುಕ್ಕಾಣಿ ಮತ್ತು ಗಾಲಿಯ ನಿಲುವು

ಬೈಸಿಕಲ್ಲಿನ ಮುಂದಿನ ಕವಲು ಸ್ವಲ್ಪ ಹಿಂದಕ್ಕೆ ವಾಲಿರುವುದನ್ನು ನಾವೆಲ್ಲರೂ ನೋಡಿದ್ದೇವೆ. ಮೋಟಾರಿನ ಮುಂಗಾಲಿ ತಿರುಗುವ ಅಕ್ಷವೂ ಹಾಗೆಯೇ ಹಿಂದಕ್ಕೆ ವಾಲಿರುತ್ತದೆ. ತಿರುವಿನಲ್ಲಿ ಕೈ ಸಡಿಲಿಸಿದರೆ ಚುಕ್ಕಾಣಿ ತಾನಾಗಿ ನೇರಕ್ಕೆ ಬರುವುದು ಬಹುಮಟ್ಟಿಗೆ ಈ ವಾಲಿಕೆಯಿಂದ. ಪಟ್ಟಿ ಸ್ಪ್ರಿಂಗಿನ ಜೀಪನ್ನು ಎತ್ತರಿಸಲು ಸ್ಪ್ರಿಂಗಿನ ಮುಂತುದಿಯ ಕೊಂಡಿಯನ್ನು ಉದ್ದ ಮಾಡುವುದುಂಟು. ಕೊಂಡಿಯನ್ನು ೫೦ ಮಿಲಿಮೀಟರ್ ಉದ್ದ ಮಾಡಿದರೆ ಬಂಡಿ ಏಳುವುದು ಸುಮಾರು ೨೫ ಮಿಲಿಮೀಟರ್ ಮಾತ್ರ. ಏಕೆಂದರೆ ಅಚ್ಚು ಇರುವುದು ಸ್ಪ್ರಿಂಗಿನ ನಡುವೆ, ಕೊಂಡಿ ಇರುವುದು ಒಂದು ತುದಿಯಲ್ಲಿ. ಅಲ್ಲದೆ ಸ್ಪ್ರಿಂಗು ಮುಂದಕ್ಕೆ ಬಾಗಿ ಅಚ್ಚನ್ನೂ ಮುಂದಕ್ಕೆ ತಿರುಗಿಸುವುದು. ಹಿಂದಕ್ಕೆ ವಾಲಿದ್ದ ಅಕ್ಷ ನೆಟ್ಟಗಾಗುವುದು. ಬಂಡಿ ನೇರ ಓಡುವ ಗುಣವನ್ನು ಕಳೆದುಕೊಂಡು ಅತ್ತಿತ್ತ ಅಲೆಯುವುದು. ಅಚ್ಚು ಮತ್ತು ಸ್ಪ್ರಿಂಗಿನ ನಡುವೆ ಓರೆಯಾದ ಬೆಣೆ ಇಟ್ಟು ಇದನ್ನು ಸರಿಪಡಿಸಬೇಕಾಗುವುದು.

ಬಿಡಿ ತೋಳುಗಳ ಟ್ರಕ್ಕಿನಲ್ಲಿ ಗಾಲಿಯ ನಿಲುವು, ಎರಡು ಗಾಲಿಗಳ ಮುಖ ಒಂದಕ್ಕೊಂದು ನೋಡುವ ಕೋನ, ಎರಡೂ ಬದಲಾಗುತ್ತವೆ. ಹಾಗೆಯೇ ಬಿಟ್ಟರೆ ಟೈರು ನೆಲದ ಮೇಲೆ ಉರುಳುವುದರ ಜೊತೆಗೆ ಅಡ್ಡಲಾಗಿ ಉಜ್ಜಲ್ಪಟ್ಟು ಬೇಗ ಸವೆಯುವುದು. ಎತ್ತರಿಸಿದ ಬಂಡಿಯನ್ನು ಗಾಲಿಗಳ ಕೋನಗಳನ್ನು ಅಳೆಯುವ ಯಂತ್ರದ ಮೇಲೆ ನಿಲ್ಲಿಸಿ ಹೊಂದಿಸುವವರೆಗೆ ಕೆಲಸ ಮುಗಿಯಿತೆಂದು ತಿಳಿಯಬಾರದು.

ಮಗುಚುವ ಭಯ, ಕಣ್ಣು ಕೋರೈಸುವ ದೀಪ

ಬಂಡಿಯ ಎಡಬಲ ಗಾಲಿಗಳ ನಡುವಣ ಅಂತರದ ಅರ್ಧವನ್ನು ಗುರುತ್ವ ಕೇಂದ್ರದ ಎತ್ತರದಿಂದ ಭಾಗಿಸಿದರೆ ಬರುವ ಸಂಖ್ಯೆ ಅದರ ಸ್ಥಿರತೆಯ ಅಳತೆ. ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆ ೨೦೦೧ರ ಮಾದರಿಯ ಬಂಡಿಗಳಿಂದ ಮೊದಲುಗೊಂಡು ಮಗುಚುವ ಅಪಾಯವನ್ನು ಜನರಿಗೆ ತಿಳಿಸಲು ಈ ಸಂಖ್ಯೆಯನ್ನು ಬಳಸಿತು. ಅಂತರ ೧,೪೩೦ ಮಿಲಿಮೀಟರ್, ಗುರುತ್ವ ಕೇಂದ್ರದ ಎತ್ತರ ೭೦೦ ಮಿಲಿಮೀಟರ್ ಆದರೆ ಸಂಖ್ಯೆ ೧.೦೨. ಮುಂಭಾಗವನ್ನು ಮಾತ್ರ ೫೦ ಮಿಲಿಮೀಟರ್ ಎತ್ತಿದರೆ ಗುರುತ್ವ ಕೇಂದ್ರ ಸುಮಾರು ಅದರ ಅರ್ಧದಷ್ಟು ಏರಿ ಸಂಖ್ಯೆ ೦.೯೯ ಆಗುವುದು. ಹಿಂಭಾಗವನ್ನೂ ಎತ್ತಿ, ದೊಡ್ಡ ಟೈರುಗಳನ್ನೂ ಹಾಕಿ, ಒಟ್ಟು ೧೦೦ ಮಿಲಿಮೀಟರ್ ಏರಿಸಿದರೆ ೦.೮೯ಕ್ಕೆ ಇಳಿಯುವುದು.

ಈ ಇಳಿತ ಅಲ್ಪವೆಂದು ತೋರಬಹುದು. ಆದರೆ ಒಣ ಡಾಂಬರು ರಸ್ತೆಯ ಮೇಲೆ ಟೈರಿನ ಘರ್ಷಣೆಯ ಗುಣಾಂಕ ಸುಮಾರು ೦.೮ ಎಂಬುದನ್ನು ನೆನಪಿನಲ್ಲಿಡಬೇಕು. ಸ್ಥಿರತೆಯ ಸಂಖ್ಯೆ ಇದಕ್ಕಿಂತ ಸಾಕಷ್ಟು ಹೆಚ್ಚಾಗಿದ್ದರೆ, ತಿರುವಿನಲ್ಲಿ ವೇಗ ಮೀರಿದಾಗ ಬಂಡಿ ಮಗುಚುವ ಮೊದಲು ಪಕ್ಕಕ್ಕೆ ಜಾರುವುದು. ಎರಡು ಸಂಖ್ಯೆಗಳೂ ಹತ್ತಿರ ಬಂದಂತೆ ಜಾರಬೇಕಾದಲ್ಲಿ ಮಗುಚುವ ಸಂಭವ ಹೆಚ್ಚುವುದು. ಸ್ಪ್ರಿಂಗುಗಳು ಕುಗ್ಗಿ ಒಡಲು ಪಕ್ಕಕ್ಕೆ ವಾಲುವುದರಿಂದ ಉಳಿದ ಅಂತರವೂ ಕರಗುವುದು.

ದೀಪದ ವಿಷಯವನ್ನೂ ಗಮನಿಸೋಣ. ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವಣ ದೂರ ೨.೬ ಮೀಟರ್ ಇದ್ದು, ಮುಂಭಾಗ ೫೦ ಮಿಲಿಮೀಟರ್ ಎದ್ದರೆ, ದೀಪದ ಕಿರಣ ೫೦ ಮೀಟರ್ ದೂರದಲ್ಲಿ ಸುಮಾರು ಒಂದು ಮೀಟರ್ ಮೇಲಕ್ಕೇರುವುದು. ರಸ್ತೆಯ ಮೇಲೆ ಬೀಳಬೇಕಾದ ಬೆಳಕು ಎದುರು ಬರುವವನ ಕಣ್ಣಿಗೆ ಬೀಳುವುದು. ಬಂಡಿ ನಮ್ಮದಾದರೂ ರಸ್ತೆ ಎಲ್ಲರದಷ್ಟೆ? ದೀಪವನ್ನು ತಗ್ಗಿಸಿ ಹೊಂದಿಸುವುದು ಐದು ನಿಮಿಷದ ಕೆಲಸ. ಅದನ್ನು ಮರೆಯುವುದು ಸಲ್ಲದು.

ಕೆಲಸಕ್ಕೆ ಕೈಹಾಕುವಾಗ

ಮೇಲೆ ಹೇಳಿದ ಅಪಾಯಗಳೆಲ್ಲ ಬಂಡಿ ಓಡುವಾಗ ಬರುವಂಥವು. ಬಂಡಿ ನಿಂತಿರುವಾಗಲೇ ಬರುವ ಅಪಾಯ ಇನ್ನೂ ಭಯಂಕರವಾದುದು. ಜಾಕಿನ ಮೇಲಿಂದ ಜಾರಿದ ಬಂಡಿಯ ಕೆಳಗೆ ಸಿಕ್ಕಿ ಸತ್ತವರು ಎಲ್ಲ ದೇಶಗಳಲ್ಲಿಯೂ ಇದ್ದಾರೆ.

ದ್ರವಜಾಕಿನ ತತ್ತ್ವವನ್ನು ನಾವು ಪಾಸ್ಕಲನ ನಿಯಮದಲ್ಲಿ ಓದಿದ್ದೇವೆ. ಒಂದು ಸೆಂಟಿಮೀಟರ್ ವ್ಯಾಸದ ಕೊಂತವನ್ನು ಒತ್ತಿದರೆ ಮೂರು ಸೆಂಟಿಮೀಟರ್ ವ್ಯಾಸದ ಕೊಂತದ ಮೇಲೆ ಒಂಬತ್ತರಷ್ಟು ಬಲ ಬರುವುದು. ಹಿಡಿಯ ಸನ್ನೆ ಅದನ್ನು ಮತ್ತೆ ಹದಿನೈದರಷ್ಟು ಹೆಚ್ಚಿಸಿದರೆ ೨೦ ಕಿಲೋಗ್ರಾಂ ಒತ್ತು ೨,೭೦೦ ಕಿಲೋಗ್ರಾಂ ಎತ್ತಬಲ್ಲುದು. ಆದರೆ ಆ ಭಾರವನ್ನೆಲ್ಲ ಒಳಗೆ ಹಿಡಿದಿರುವುದು ಒಂದು ತೆಳುವಾದ ರಬ್ಬರಿನ ಉಂಗುರ. ಅದು ಸೋತರೆ ಎಣ್ಣೆ ಹಿಂದಕ್ಕೆ ಹರಿದು ಬಂಡಿ ಕೆಳಗಿಳಿಯುವುದು. ಜಾಕ್ ಎತ್ತುವ ಸಾಧನ, ಹೊತ್ತು ನಿಲ್ಲುವ ಸಾಧನವಲ್ಲ. ಎತ್ತಿದೊಡನೆ ಚೌಕಟ್ಟಿನ ಎರಡು ಬದಿಗೂ ತಕ್ಕ ಬಲದ ಉಕ್ಕಿನ ಸ್ಟ್ಯಾಂಡುಗಳನ್ನು ಇಟ್ಟು, ಬಂಡಿಯನ್ನು ಅವುಗಳ ಮೇಲೆ ಕೂರಿಸತಕ್ಕದ್ದು. ಇಟ್ಟಿಗೆಯನ್ನಾಗಲಿ, ಟೊಳ್ಳಾದ ಸಿಮೆಂಟಿನ ಇಟ್ಟಿಗೆಯನ್ನಾಗಲಿ ಎಂದಿಗೂ ಇಡಬಾರದು. ಅವು ಮುನ್ಸೂಚನೆಯಿಲ್ಲದೆ ಒಡೆಯುತ್ತವೆ.

ನೆಲ ಗಟ್ಟಿಯಾಗಿಯೂ ಸಮತಟ್ಟಾಗಿಯೂ ಇರಬೇಕು. ಹಿಂಗಾಲಿಗಳಿಗೆ ಮುಂದೆಯೂ ಹಿಂದೆಯೂ ಬೆಣೆ ಕೊಡಬೇಕು. ಕೈಬ್ರೇಕು ಹಾಕಿದ್ದೇವಲ್ಲ ಎಂದು ನೆಚ್ಚುವಂತಿಲ್ಲ. ಹಳೆಯ ಜೀಪು, ಲ್ಯಾಂಡ್ ರೋವರ್‌ಗಳಲ್ಲಿ ಕೈಬ್ರೇಕು ಗಾಲಿಗಳನ್ನು ಹಿಡಿಯುವುದಿಲ್ಲ. ಗೇರುಪೆಟ್ಟಿಗೆಯಿಂದ ಹಿಂದಕ್ಕೆ ಹೋಗುವ ದಂಡವನ್ನು ಹಿಡಿಯುತ್ತದೆ. ಆ ದಂಡ ನಿಂತಿದ್ದರೂ ಒಂದು ಹಿಂಗಾಲಿ ನೆಲ ಬಿಟ್ಟರೆ, ಡಿಫರೆನ್ಷಿಯಲ್ಲಿನ ಮೂಲಕ ಆ ಗಾಲಿ ಹಿಂದಕ್ಕೂ ನೆಲದ ಮೇಲಿನ ಗಾಲಿ ಮುಂದಕ್ಕೂ ಸುತ್ತಿ ಬಂಡಿ ಉರುಳಬಹುದು.

ಸ್ಟ್ಯಾಂಡಿನ ಮೇಲೆ ಕೂತ ಬಂಡಿಯನ್ನು ಕೆಳಗೆ ನುಸುಳುವ ಮೊದಲೇ ಹೊರಗಿನಿಂದ ಅಲುಗಿಸಿ ನೋಡಬೇಕು. ಕಳಚಿದ ಗಾಲಿಯನ್ನು ಚೌಕಟ್ಟಿನ ಕೆಳಗೆ ಮಲಗಿಸಿದರೆ ಅದು ಇನ್ನೊಂದ ಕಾವಲು. ಬಂಡಿಯೊಳಗೆ ಯಾರೂ ಕುಳಿತಿರಬಾರದು. ಒಬ್ಬನೇ ಈ ಕೆಲಸಕ್ಕೆ ಇಳಿಯಲೂ ಬಾರದು.

ಬೋಲ್ಟನ್ನು ತಿರುಗಿಸುವುದು ಗಾಲಿಗಳು ಪೂರ್ಣವಾಗಿ ಜೋತುಬಿದ್ದಿರುವಾಗ. ಆಗ ನಮ್ಮ ಉದಾಹರಣೆಯ ಸರಳಿನ ತಿರುಚು ೩೪ರಿಂದ ೧೯ ಡಿಗ್ರಿಗೆ ಇಳಿದಿರುತ್ತದೆ. ಬೋಲ್ಟಿನ ಮೇಲಿನ ಹೊರೆ ಒಂದೂವರೆ ಟನ್ನಿನಿಂದ ಸುಮಾರು ೮೭೦ ಕಿಲೋಗ್ರಾಮಿಗೆ ಇಳಿಯುವುದು. ಇಳಿದರೂ ಅದು ಸೊನ್ನೆಯಾಗಿಲ್ಲ ಎಂಬುದೇ ಇಲ್ಲಿ ನೆನಪಿಡಬೇಕಾದ ಮಾತು. ಆ ಸ್ಥಿತಿಯಲ್ಲಿ ಸರಳಿನಲ್ಲಿ ಸುಮಾರು ೧೪೦ ಜೂಲ್ ಪ್ರಚ್ಛನ್ನ ಶಕ್ತಿ ಅಡಗಿದೆ. ಒಮ್ಮೆ ೫೦ ಮಿಲಿಮೀಟರ್ ಎತ್ತರಿಸಿದ ಬಂಡಿಯಲ್ಲಾದರೋ ಜೋತುಬಿದ್ದ ಗಾಲಿಯ ಸರಳಿನ ತಿರುಚು ೨೭ ಡಿಗ್ರಿ. ಶಕ್ತಿ ತಿರುಚಿನ ವರ್ಗಕ್ಕೆ ಅನುಸಾರವಾಗಿರುವುದರಿಂದ ಅದು ಇಮ್ಮಡಿಯಾಗಿ ಸುಮಾರು ೨೮೫ ಜೂಲ್ ಆಗುವುದು. ೧೦ ಕಿಲೋಗ್ರಾಂ ತೂಕದ ಕಲ್ಲು ೩ ಮೀಟರ್ ಎತ್ತರದಿಂದ ಬಿದ್ದಾಗ ಉಂಟಾಗುವ ಶಕ್ತಿ ಇಷ್ಟೇ. ಸನ್ನೆಯನ್ನು ಹೊರತೆಗೆಯಬೇಕಾದರೆ ಅದಕ್ಕಾಗಿಯೇ ಇರುವ ಒತ್ತು ಸಾಧನವನ್ನು ಬಳಸಬೇಕು. ಬೋಲ್ಟನ್ನು ಸುಮ್ಮನೆ ಬಿಚ್ಚಿ ಎಳೆದರೆ ಸನ್ನೆ ಸಿಡಿದು ಕೈ ಮುರಿಯಬಹುದು, ತಲೆಗೂ ಬಡಿಯಬಹುದು. ಸುರುಳಿ ಸ್ಪ್ರಿಂಗಿನ ಬಂಡಿಗಳಲ್ಲಿ, ಉದಾಹರಣೆಗೆ ೨೦೨೦ರಲ್ಲಿ ಬಂದ ಹೊಸ ಥಾರ್‌ನಲ್ಲಿ, ಒತ್ತಿ ಹಿಡಿದ ಸುರುಳಿಗೂ ಇದೇ ಎಚ್ಚರಿಕೆ ಸಲ್ಲುವುದು.

ಮುಟ್ಟುವ ಮೊದಲು ಬೋಲ್ಟು ಎಷ್ಟು ಹೊರಚಾಚಿದೆಯೆಂದು ಅಳೆದು ಬರೆದಿಡಬೇಕು. ಎರಡು ಬದಿಗೂ ಸರಿಸಮನಾಗಿ ಸುತ್ತು ಕೊಡಬೇಕು. ಎತ್ತರವನ್ನು ಗಾಲಿಯ ನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ಅಳೆಯುವುದು ಸರಿಯಾದ ಕ್ರಮ. ನೆಲದಿಂದ ಅಳೆದರೆ ಟೈರಿನ ಗಾಳಿಯ ಹೆಚ್ಚು ಕಡಿಮೆಯೂ ಲೆಕ್ಕದಲ್ಲಿ ಸೇರಿಕೊಳ್ಳುವುದು. ಬಂಡಿಯನ್ನು ಕೆಳಗಿಳಿಸಿದೊಡನೆ ಅಳೆದರೂ ತಪ್ಪು ಲೆಕ್ಕ ಬರುವುದು. ತೋಳು ಕಮಾನಿನಂತೆ ಚಲಿಸುವುದರಿಂದ ಟೈರುಗಳು ಒಳಸರಿದು ನೆಲವನ್ನು ಕಚ್ಚಿಕೊಂಡಿರುತ್ತವೆ. ಸ್ವಲ್ಪ ದೂರ ಹಿಂದಕ್ಕೂ ಮುಂದಕ್ಕೂ ಓಡಿಸಿದ ಮೇಲೆಯೇ ಬಂಡಿ ತನ್ನ ನಿಜವಾದ ಎತ್ತರಕ್ಕೆ ಕುಳಿತುಕೊಳ್ಳುವುದು. ಕೊನೆಯಲ್ಲಿ ಗಾಲಿಯನ್ನು ಪೂರ್ಣವಾಗಿ ಇಳಿಬಿಟ್ಟು, ಚುಕ್ಕಾಣಿಯನ್ನು ಎರಡು ಕೊನೆಗಳಿಗೂ ತಿರುಗಿಸಿ, ಬ್ರೇಕಿನ ರಬ್ಬರು ಕೊಳವೆ ಎಲ್ಲಿಯೂ ಎಳೆದುಕೊಳ್ಳುವುದಿಲ್ಲವೆಂದು ನೋಡಬೇಕು. ಎರಡಂಗುಲ ಎತ್ತರಕ್ಕಾಗಿ ಬ್ರೇಕನ್ನು ಬಲಿಕೊಟ್ಟರೆ ಅದಕ್ಕಿಂತ ಅವಿವೇಕ ಬೇರೊಂದಿಲ್ಲ.

ಎಷ್ಟು ಎತ್ತಿದರೆ ಸಾಕು?

ಭಾರತದಲ್ಲಿ ಇನ್ನೊಂದು ಮಿತಿಯನ್ನೂ ಗಮನಿಸಬೇಕು. ೧೯೮೮ರ ಮೋಟಾರು ವಾಹನಗಳ ಕಾಯಿದೆಯ ೫೨ನೆಯ ಪ್ರಕರಣದಂತೆ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ಗೊತ್ತುಪಡಿಸಿದ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ೨೦೧೯ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಈ ನಿಯಮವನ್ನು ಎತ್ತಿಹಿಡಿಯಿತು. ಹಳೆಯದಾಗಿ ಜಗ್ಗಿದ ಸರಳನ್ನು ತಯಾರಕರು ಹೇಳಿದ ಎತ್ತರಕ್ಕೆ ಮರಳಿ ತರುವುದು ಒಂದು ಮಾತು. ಅದನ್ನು ಮೀರಿ ಎತ್ತುವುದು ಇನ್ನೊಂದು ಮಾತು. ಆ ಬೋಲ್ಟನ್ನು ಅಲ್ಲಿ ಇಟ್ಟಿರುವುದು ಮೊದಲನೆಯ ಕೆಲಸಕ್ಕಾಗಿ.

ಬಂಡಿಯ ಅಂಗಗಳೆಲ್ಲ ಒಂದು ಕುಟುಂಬದ ಜನರಿದ್ದಂತೆ. ಒಬ್ಬನನ್ನು ಅವನ ಜಾಗದಿಂದ ಕದಲಿಸಿದರೆ ಉಳಿದವರೆಲ್ಲರೂ ತಮ್ಮ ಜಾಗವನ್ನು ಹೊಂದಿಸಿಕೊಳ್ಳಬೇಕಾಗುವುದು. ಎರಡಂಗುಲ ಎತ್ತರ ಬೇಕೆನ್ನುವವನು ಕೆಳಕ್ಕಿಳಿಯುವ ಓಡಾಟ ಎಷ್ಟು ಉಳಿಯಿತು, ದಂಡದ ಕೋನ ಎಷ್ಟಾಯಿತು, ಗುರುತ್ವ ಕೇಂದ್ರ ಎಲ್ಲಿಗೆ ಹೋಯಿತು ಎಂಬ ಮೂರು ಪ್ರಶ್ನೆಗಳಿಗೆ ಮೊದಲು ಉತ್ತರ ಕಂಡುಕೊಳ್ಳಲಿ. ಒಂದು ಅಳತೆಪಟ್ಟಿ, ಒಂದು ಕಾಗದ, ಕೂಲಂಬನ ನಿಯಮ, ಇಷ್ಟಿದ್ದರೆ ಬಂಡಿಯ ಕೆಳಗೆ ಹೋಗುವ ಮೊದಲೇ ಆ ಉತ್ತರಗಳು ದೊರೆಯುತ್ತವೆ. ಲೆಕ್ಕ ಮಾಡಿದ ಮೇಲೆ ಎರಡಂಗುಲದ ಬದಲು ಒಂದಂಗುಲವೇ ಸಾಕೆಂದು ತೋರಿದರೆ, ಆ ಕಾಗದ ತನ್ನ ಕೆಲಸವನ್ನು ಚೆನ್ನಾಗಿ ಮಾಡಿದೆ ಎಂದೇ ನಾವು ತಿಳಿಯಬೇಕು.